ಗಿರಾಕಿ, ಆರೋಪಿ, ರೋಗಿ

(ಸಂಘದ ವಾರ್ಷಿಕ ಉಪನ್ಯಾಸಮಾಲೆಯಲ್ಲಿ ನೀಡಿದ ಭಾಷಣದ ಪರಿಷ್ಕೃತ ರೂಪ)



ಈ ವೇದಿಕೆಯಲ್ಲಿ ನನಗಿಂತ ಮೊದಲು ನಿಂತು ಮಾತನಾಡಿದವರು ಸಾಹಿತಿಗಳು, ಪ್ರಾಧ್ಯಾಪಕರು, ಗಡಿ ಮತ್ತು ಭಾಷೆಯ ಪ್ರಶ್ನೆಗಳನ್ನು ಆಳವಾಗಿ ಬಲ್ಲವರು. ನಾನಾದರೋ ಮುಂಬಯಿಯ ಉಪನಗರವೊಂದರಲ್ಲಿ ಮೂವತ್ತೆಂಟು ವರ್ಷ ಔಷಧಿ ಅಂಗಡಿ ನಡೆಸಿ ನಿವೃತ್ತನಾದವನು. ಚೀಟಿ ಓದುವುದು, ಗುಳಿಗೆ ಎಣಿಸುವುದು, ದಫ್ತರದಲ್ಲಿ ಬರೆದಿಡುವುದು ಇವಿಷ್ಟೇ ನನ್ನ ವಿದ್ಯೆ. ಸಂಘದ ಕಾರ್ಯದರ್ಶಿಗಳು ಒತ್ತಾಯಿಸಿದಾಗ, ನಾನು ಅಧಿಕಾರದಿಂದ ಮಾತನಾಡಬಹುದಾದದ್ದು ಔಷಧಿಯ ದಫ್ತರದ ಬಗೆಗೆ ಮಾತ್ರ ಎಂದೆ. ಅದನ್ನೇ ಮಾತನಾಡಿ ಎಂದರು. ಹಾಗಾಗಿ ಇಂದಿನ ನನ್ನ ವಿಷಯ: ಒಂದು ಔಷಧಿಯನ್ನು ಪ್ರಭುತ್ವ ನಿಯಂತ್ರಿಸುವಾಗ ಅದು ಎಣಿಸಬೇಕಾದದ್ದು ಏನನ್ನು, ಔಷಧಿಯನ್ನೋ ರೋಗಿಯನ್ನೋ?

ಈ ಪ್ರಶ್ನೆಯನ್ನು ನಾನು ಅಮೆರಿಕದ ಒಂದು ರಾಜ್ಯದ ಉದಾಹರಣೆಯಿಂದ ಬಿಡಿಸಲು ಯತ್ನಿಸುತ್ತೇನೆ. ಅಲ್ಲಿ ಚರ್ಚೆಯ ಕೇಂದ್ರದಲ್ಲಿದ್ದ ವಸ್ತು ಗಾಂಜಾ. ಕೆಲವರ ಹುಬ್ಬು ಮೇಲೇರಿದ್ದು ಇಲ್ಲಿಂದಲೇ ಕಾಣುತ್ತಿದೆ. ಭಂಗಿ ಸೊಪ್ಪಿನ ಗುಣಗಾನಕ್ಕೆ ನಾನಿಲ್ಲಿ ಬಂದಿಲ್ಲ. ಅದರ ಚಟಕ್ಕೆ ಬಿದ್ದು ಹಾಳಾದ ಹುಡುಗರನ್ನು ನನ್ನ ಅಂಗಡಿಯ ಎದುರಿನ ಕಟ್ಟೆಯ ಮೇಲೆಯೇ ಕಂಡಿದ್ದೇನೆ. ನಾನು ಮಾತನಾಡಬೇಕೆಂದಿರುವುದು ಆ ಹುಡುಗರಿಗೂ ಕಾನೂನಿಗೂ ನಡುವೆ ಸಿಕ್ಕಿಕೊಂಡ ಮೂರನೆಯವನ ಬಗ್ಗೆ.

1

ಅಮೆರಿಕಕ್ಕೆ ಹೋಗುವ ಮೊದಲು ಧಾರವಾಡಕ್ಕೆ ಹೋಗಬೇಕಾಗುತ್ತದೆ. 1994ನೆಯ ಇಸವಿ. ನನ್ನ ಹಿರಿಯಕ್ಕ ಆ ಜಿಲ್ಲೆಯ ಒಂದು ಹಳ್ಳಿಯಲ್ಲಿದ್ದಳು. ಗರ್ಭಕೋಶದ ಕ್ಯಾನ್ಸರು ಬೆನ್ನೆಲುಬಿಗೆ ಹರಡಿತ್ತು. ಇನ್ನು ಮಾಡುವುದೇನೂ ಇಲ್ಲ, ಮನೆಗೆ ಕರೆದೊಯ್ಯಿರಿ ಎಂದು ವೈದ್ಯರು ಹೇಳಿ ಎರಡು ತಿಂಗಳಾಗಿತ್ತು. ನಾನು ರಜೆ ಹಾಕಿ ಊರಿಗೆ ಹೋದಾಗ ಅವಳು ಹಗಲುರಾತ್ರಿ ಒಂದೇ ಮಗ್ಗುಲಲ್ಲಿ ಮಲಗಿರುತ್ತಿದ್ದಳು. ಮಗ್ಗುಲು ಬದಲಿಸಿದರೆ ಅವಳ ಕೂಗು ಹಿತ್ತಿಲಾಚೆಯ ಮನೆಗೂ ಕೇಳುತ್ತಿತ್ತು. ಒಂದು ಸಂಜೆ ನನ್ನ ಕೈ ಹಿಡಿದು, "ತಮ್ಮಾ, ಅಷ್ಟು ದೊಡ್ಡ ಅಂಗಡಿ ಇಟ್ಟೀದಿ, ಇದಕ್ಕೊಂದು ಔಷಧ ಇಲ್ಲೇನು ನಿನ್ನ ಹಂತೇಕ?" ಎಂದಳು.

ಔಷಧವಿತ್ತು. ಮಾರ್ಫಿನ್ ಗುಳಿಗೆ. ಅದರ ಬೆಲೆಯೇನೂ ದುಬಾರಿಯಲ್ಲ. ಅದರ ಮೂಲವಸ್ತುವಾದ ಅಫೀಮನ್ನು ಸರ್ಕಾರದ ಪರವಾನಗಿಯ ಮೇರೆಗೆ ಬೆಳೆದು ಹೊರದೇಶಗಳ ಔಷಧ ಕಾರ್ಖಾನೆಗಳಿಗೆ ರಫ್ತು ಮಾಡುವ ದೇಶ ನಮ್ಮದು. ಆದರೆ 1985ರಲ್ಲಿ ಬಂದ ಮಾದಕ ದ್ರವ್ಯಗಳ ಕಾಯಿದೆ ಬಹುಪಾಲು ಅಪರಾಧಗಳಿಗೆ ಕನಿಷ್ಠ ಹತ್ತು ವರ್ಷ ಸೆರೆವಾಸ ವಿಧಿಸಿತ್ತು. ಲೆಕ್ಕದಲ್ಲಿ ತಪ್ಪಾದರೆ ಯಾರು ಹೊಣೆ ಎಂಬ ಹೆದರಿಕೆಯಿಂದ ನನ್ನಂಥ ಅಂಗಡಿಯವರು ಮಾರ್ಫಿನ್ ಇಡುವುದನ್ನೇ ಬಿಟ್ಟಿದ್ದೆವು. ಆಸ್ಪತ್ರೆಗಳಿಗೂ ಅನೇಕ ರಾಜ್ಯಗಳಲ್ಲಿ ನಾಲ್ಕೈದು ಬೇರೆ ಬೇರೆ ಪರವಾನಗಿಗಳು ಬೇಕಿದ್ದವು; ಅವೆಲ್ಲವೂ ಏಕಕಾಲದಲ್ಲಿ ಚಾಲ್ತಿಯಲ್ಲಿರಬೇಕಿತ್ತು. ಒಂದರ ಅವಧಿ ಮುಗಿದರೆ ಉಳಿದವು ಕಾಗದದ ಚೂರುಗಳು. ದೇಶದಲ್ಲಿ ವರ್ಷಕ್ಕೆ ಹಲವು ನೂರು ಕಿಲೊಗಳಷ್ಟಿದ್ದ ಔಷಧೀಯ ಮಾರ್ಫಿನ್ನಿನ ಬಳಕೆ 1997ರ ಹೊತ್ತಿಗೆ 18 ಕಿಲೊಗೆ ಇಳಿದಿತ್ತು. ನೋವೇನೂ ಆ ಪ್ರಮಾಣದಲ್ಲಿ ಇಳಿದಿರಲಿಲ್ಲ.

ನಾನು ಮುಂಬಯಿಗೆ ಹಿಂದಿರುಗಿ ಒಂದು ದೊಡ್ಡ ಆಸ್ಪತ್ರೆಯ ಬಾಗಿಲಿಗೆ ಹೋದೆ. ಅಲ್ಲಿಯ ಅಧಿಕಾರಿ ಕೆಟ್ಟವರಲ್ಲ. ನನ್ನ ಕಾಗದಗಳನ್ನೆಲ್ಲ ಓದಿ, "ರೋಗಿಯನ್ನು ಕರೆತನ್ನಿ, ನಮ್ಮಲ್ಲಿ ನೋಂದಾಯಿಸಿ, ಆಮೇಲೆ ನೋಡೋಣ" ಎಂದರು. ಮಗ್ಗುಲು ಬದಲಿಸಲಾಗದವಳನ್ನು ರೈಲಿನಲ್ಲಿ ಒಂದು ರಾತ್ರಿಯ ದಾರಿ ಹೇಗೆ ಕರೆತರಲಿ? ಆಕೆಯ ರಾಜ್ಯ ಬೇರೆ, ಈ ಆಸ್ಪತ್ರೆಯ ರಾಜ್ಯ ಬೇರೆ ಎಂಬ ಮಾತೂ ಬಂತು. ಹೊರನಾಡಿನಲ್ಲಿ ಬಾಳಿದ ನಮಗೆ ರಾಜ್ಯದ ಗಡಿಯೆಂದರೆ ಭಾಷೆಯ ಪ್ರಶ್ನೆ. ಅಂದು ಆ ಗಡಿ ನನಗೆ ಬೇರೆಯ ರೀತಿಯಲ್ಲಿ ಕಂಡಿತು. ಇಪ್ಪತ್ತು ವರ್ಷ ಔಷಧಿ ಮಾರಿದವನು ಒಡಹುಟ್ಟಿದವಳಿಗೆ ಒಂದು ಗುಳಿಗೆ ತಲುಪಿಸಲಾರದೆ ಹೋದೆ. ಅಕ್ಕ ಮತ್ತೆ ಹತ್ತೊಂಬತ್ತು ದಿನ ಬದುಕಿದ್ದಳು. ಆ ಹತ್ತೊಂಬತ್ತು ದಿನಗಳಲ್ಲಿ ಕಾಯಿದೆಯನ್ನು ಯಾರೂ ಉಲ್ಲಂಘಿಸಲಿಲ್ಲ.

2

ಈ ನೆನಪನ್ನು ಹೊತ್ತೇ ನಾನು 2015ರ ಬೇಸಿಗೆಯಲ್ಲಿ ಮಗಳ ಮನೆಗೆಂದು ಸಿಯಾಟಲ್ ನಗರಕ್ಕೆ ಹೋದದ್ದು. ಸಿಯಾಟಲ್ ಇರುವುದು ವಾಷಿಂಗ್ಟನ್ ಎಂಬ ರಾಜ್ಯದಲ್ಲಿ. ಅದು ರಾಜಧಾನಿ ವಾಷಿಂಗ್ಟನ್ ಅಲ್ಲ, ಪೆಸಿಫಿಕ್ ಸಾಗರದ ದಂಡೆಯ ರಾಜ್ಯ. ಮಗಳ ಪಕ್ಕದ ಮನೆಯಲ್ಲಿ ಶಾಲಾ ಬಸ್ಸಿನ ಚಾಲಕರಾಗಿದ್ದ ಅರವತ್ತರ ಸುಮಾರಿನ ಒಬ್ಬರಿದ್ದರು. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗದಿಂದ ಗಾಲಿಕುರ್ಚಿಗೆ ಬಂದವರು. ಅವರ ಕಾಲಿನ ಸ್ನಾಯುಗಳು ರಾತ್ರಿ ಹಗ್ಗದಂತೆ ಹುರಿಗೊಳ್ಳುತ್ತಿದ್ದವು. ನಾನು ಔಷಧಿ ಅಂಗಡಿಯವನೆಂದು ತಿಳಿದಾಗ, ನಗುತ್ತ, ನಮ್ಮ ಔಷಧಿ ಅಂಗಡಿಯನ್ನೂ ನೋಡಿ ಬನ್ನಿ ಎಂದು ಕರೆದೊಯ್ದರು.

ಅದನ್ನು ಅಲ್ಲಿ ಡಿಸ್ಪೆನ್ಸರಿ ಎನ್ನುತ್ತಾರೆ. ನಮ್ಮ ಸರ್ಕಾರಿ ದವಾಖಾನೆಯಂತಲ್ಲ. ವೈದ್ಯರ ಶಿಫಾರಸು ಪತ್ರವಿರುವ ರೋಗಿಗಳಿಗೆ ಗಾಂಜಾವನ್ನು ವಿತರಿಸುವ ಮಳಿಗೆ. ರೋಗಿಯಲ್ಲದ ನನಗೆ ಒಳಕೋಣೆಗೆ ಪ್ರವೇಶವಿರಲಿಲ್ಲ. ಮುಂಗೋಣೆಯ ಬೆಂಚಿನ ಮೇಲೆ ಕುಳಿತೆ. ಕೀಮೋಥೆರಪಿಯಿಂದ ತಲೆಗೂದಲು ಉದುರಿದ ಹೆಂಗಸು, ಊರುಗೋಲಿನ ಮುದುಕ, ಅವರ ನಡುವೆ ಯಾವ ರೋಗವೂ ಇದ್ದಂತೆ ತೋರದ ಇಬ್ಬರು ತರುಣರು ಅಲ್ಲಿದ್ದರು. ಮೇಜಿನ ಹಿಂದಿದ್ದ ಹೆಂಗಸು ನಮ್ಮ ನೆರೆಯವರನ್ನು ಕಂಡೊಡನೆ ಕಳೆದ ವಾರ ನಿದ್ದೆ ಬಂತೆ, ನಾಲಗೆಯ ಕೆಳಗೆ ಎಷ್ಟು ಹನಿ ಹಾಕಿಕೊಂಡಿರಿ, ತಲೆ ಸುತ್ತಿತೆ ಎಂದು ವಿಚಾರಿಸಿದಳು. ನನಗೆ ನನ್ನ ಅಂಗಡಿಯೇ ನೆನಪಾಯಿತು. ಆ ಇಬ್ಬರು ತರುಣರನ್ನೂ ನಾನು ಮರೆಯಲಿಲ್ಲ. ಮುಂದಿನ ಚರ್ಚೆಯೆಲ್ಲ ಇರುವುದೇ ಈ ಎರಡು ನೋಟಗಳ ನಡುವೆ.

ಆ ಮಳಿಗೆ ಅಲ್ಲಿಗೆ ಬಂದ ಬಗೆಯನ್ನು ಸ್ವಲ್ಪ ವಿವರಿಸಬೇಕು. ಅಮೆರಿಕದ ಕೇಂದ್ರ ಸರ್ಕಾರ 1970ರ ಕಾಯಿದೆಯಲ್ಲಿ ಗಾಂಜಾವನ್ನು ಮೊದಲನೆಯ ಪಟ್ಟಿಯಲ್ಲಿ ಸೇರಿಸಿತು. ವೈದ್ಯಕೀಯ ಉಪಯೋಗವೇ ಇಲ್ಲವೆಂದು ಪ್ರಭುತ್ವ ಘೋಷಿಸಿದ ವಸ್ತುಗಳ ಪಟ್ಟಿ ಅದು. ವಿಪರ್ಯಾಸವೆಂದರೆ, ರಾಬರ್ಟ್ ರ‍್ಯಾಂಡಲ್ ಎಂಬ ಗ್ಲಾಕೋಮಾ ರೋಗಿ ಕುರುಡಾಗದೆ ಉಳಿಯಲು ಇದು ತನಗೆ ಬೇಕೆಂದು ನ್ಯಾಯಾಲಯದಲ್ಲಿ ವಾದಿಸಿ ಗೆದ್ದ ಮೇಲೆ, 1976ರಿಂದ ಅದೇ ಕೇಂದ್ರ ಸರ್ಕಾರವೇ ಮಿಸಿಸಿಪಿ ವಿಶ್ವವಿದ್ಯಾಲಯದ ಹೊಲದಲ್ಲಿ ಬೆಳೆದ ಗಾಂಜಾವನ್ನು ಅವನಿಗೆ ಒದಗಿಸತೊಡಗಿತು. ಬೆರಳೆಣಿಕೆಯ ರೋಗಿಗಳಿಗಷ್ಟೇ ಈ ಭಾಗ್ಯ. ಏಡ್ಸ್ ರೋಗಿಗಳ ಅರ್ಜಿಗಳು ಬಂದು ಬೀಳತೊಡಗಿದಾಗ, 1992ರಲ್ಲಿ ಹೊಸಬರಿಗೆ ಆ ಬಾಗಿಲು ಮುಚ್ಚಿತು. ಒಂದೇ ಪ್ರಭುತ್ವ ಒಂದು ಕೈಯಿಂದ ಔಷಧಿ ಕೊಡುತ್ತ ಇನ್ನೊಂದು ಕೈಯಿಂದ ಕೋಳ ತೊಡಿಸುತ್ತಿತ್ತು.

ಏಡ್ಸ್ ಕಾಲದ ಸಾನ್ ಫ್ರಾನ್ಸಿಸ್ಕೊ ನಗರದಲ್ಲಿ ಈ ಚಳವಳಿ ಜನಚಳವಳಿಯಾಯಿತು. ಮೇರಿ ರಾತ್‌ಬನ್ ಎಂಬ ವೃದ್ಧೆ ಗಾಂಜಾ ಬೆರೆಸಿದ ಕೇಕು ಬೇಯಿಸಿ ರೋಗಿಗಳಿಗೆ ಹಂಚಿ ಹಲವು ಸಲ ಬಂಧನಕ್ಕೊಳಗಾದಳು. 1996ರ ನವೆಂಬರಿನಲ್ಲಿ ಕ್ಯಾಲಿಫೋರ್ನಿಯದ ಜನ ನೇರ ಮತದಾನದ ಮೂಲಕ ರೋಗಿಗಳಿಗೆ ರಕ್ಷಣೆ ನೀಡುವ ಕಾಯಿದೆ ತಂದರು. ಅದಾದ ಕೆಲವೇ ವಾರಗಳಲ್ಲಿ ಕೇಂದ್ರ ಸರ್ಕಾರ, ಗಾಂಜಾ ಶಿಫಾರಸು ಮಾಡುವ ವೈದ್ಯರ ಔಷಧ ಬರೆಯುವ ಅಧಿಕಾರವನ್ನೇ ಕಿತ್ತುಕೊಳ್ಳುವುದಾಗಿ ಬೆದರಿಸಿತು. ವೈದ್ಯ ತನ್ನ ರೋಗಿಯೊಡನೆ ಆಡುವ ಮಾತು ವಾಕ್ ಸ್ವಾತಂತ್ರ್ಯದ ರಕ್ಷಣೆಗೆ ಒಳಪಟ್ಟದ್ದೆಂದು 2002ರಲ್ಲಿ ಮೇಲ್ಮನವಿ ನ್ಯಾಯಾಲಯವೊಂದು ತೀರ್ಪಿತ್ತ ಮೇಲೆಯೇ ಆ ಬೆದರಿಕೆ ಅಡಗಿದ್ದು. ಅಲ್ಲಿಯ ವೈದ್ಯರು ಇದನ್ನು ಚೀಟಿಯಲ್ಲಿ ಬರೆದುಕೊಡುವುದಿಲ್ಲ, 'ಶಿಫಾರಸು' ಮಾಡುತ್ತಾರೆ. ಆ ಒಂದು ಶಬ್ದದ ಹಿಂದೆ ಇಷ್ಟು ಹೋರಾಟವಿದೆ.

3

ವಾಷಿಂಗ್ಟನ್ ರಾಜ್ಯದ ಜನ 1998ರಲ್ಲಿ ಶೇಕಡಾ 59ರಷ್ಟು ಮತಗಳಿಂದ ಇಂಥದೇ ಕಾಯಿದೆ ಮಾಡಿದರು. ಕಾಯಿದೆಯ ಕರುಣೆ ದೊಡ್ಡದಿತ್ತು, ಕೈ ಚಿಕ್ಕದಿತ್ತು. ರೋಗಿ ಅರವತ್ತು ದಿನಗಳಿಗೆ ಸಾಕಾಗುವಷ್ಟು ಗಾಂಜಾ ಇಟ್ಟುಕೊಳ್ಳಬಹುದು ಎಂದಿತು. ಎಷ್ಟು ಎಂದು ಹೇಳಲಿಲ್ಲ. ಹತ್ತು ವರ್ಷಗಳ ಅನಂತರ, 2008ರಲ್ಲಿ, ಆರೋಗ್ಯ ಇಲಾಖೆ 24 ಔನ್ಸು ಹಾಗೂ 15 ಗಿಡ ಎಂದು ನಿಗದಿ ಮಾಡಿತು. ಎಲ್ಲಿ ಕೊಳ್ಳಬೇಕು ಎಂಬುದಕ್ಕಂತೂ ಕಾಯಿದೆಯಲ್ಲಿ ಉತ್ತರವೇ ಇರಲಿಲ್ಲ. ರೋಗಿ ತಾನೇ ಬೆಳೆದುಕೊಳ್ಳಬೇಕು, ಇಲ್ಲವೇ ಒಬ್ಬ ಸಹಾಯಕನಿಂದ ಪಡೆಯಬೇಕು. ಆ ಸಹಾಯಕ ಒಂದು ಸಮಯಕ್ಕೆ ಒಬ್ಬ ರೋಗಿಗಷ್ಟೇ ಸಹಾಯ ಮಾಡತಕ್ಕದ್ದು. ಈ 'ಒಂದು ಸಮಯಕ್ಕೆ' ಎಂಬ ಮಾತನ್ನು ಹಿಡಿದುಕೊಂಡು ಜಾಣರು, ಒಬ್ಬ ರೋಗಿ ಬಾಗಿಲು ದಾಟಿದ ಮೇಲೆ ಇನ್ನೊಬ್ಬನ ಸಮಯ ಶುರುವಾಯಿತೆಂದು ಅರ್ಥ ಮಾಡಿ ಮಳಿಗೆ ತೆರೆದರು. ಕಾಯಿದೆಯ ಬಿರುಕಿನಲ್ಲಿ ಹುಟ್ಟಿದ ಗಿಡ ಅದು.

ಇದಕ್ಕಿಂತ ದೊಡ್ಡ ತೊಡಕು, ಕಾಯಿದೆ ರೋಗಿಯನ್ನು ಬಂಧನದಿಂದ ಕಾಪಾಡುತ್ತಿರಲಿಲ್ಲ ಎಂಬುದು. ಬಂಧನವಾದ ಮೇಲೆ ನ್ಯಾಯಾಲಯದಲ್ಲಿ 'ನಾನು ರೋಗಿ' ಎಂದು ರುಜುವಾತುಪಡಿಸಿ ಬಿಡಿಸಿಕೊಳ್ಳುವ ಅವಕಾಶವನ್ನಷ್ಟೇ ಅದು ಕೊಟ್ಟಿತ್ತು. ಅಂದರೆ ರೋಗಿ ಮೊದಲು ಆರೋಪಿಯಾಗಬೇಕು. ಆಮೇಲೆ ರೋಗಿಯಾಗಲು ಅರ್ಜಿ ಹಾಕಬೇಕು. ಇನ್ನು ಉದ್ಯೋಗ? ತಲೆನೋವಿನ ಬಾಧೆಗೆ ಕಾಯಿದೆಯಂತೆಯೇ ಗಾಂಜಾ ಬಳಸುತ್ತಿದ್ದ ಹೆಂಗಸೊಬ್ಬಳನ್ನು ಮೂತ್ರಪರೀಕ್ಷೆಯ ಆಧಾರದ ಮೇಲೆ ಕೆಲಸದಿಂದ ತೆಗೆದದ್ದು ಸರಿಯೆಂದು 2011ರಲ್ಲಿ ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಕೇಂದ್ರದ ಕಾಯಿದೆಯ ಮುಂದೆ ರಾಜ್ಯಗಳ ಕಾಯಿದೆ ನಿಲ್ಲದೆಂಬುದು ಅದಕ್ಕೂ ಮೊದಲು, 2005ರಲ್ಲಿ, ಗೊನ್ಸಾಲೆಸ್ ಮತ್ತು ರೇಚ್ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನಿಂದ ಆರಕ್ಕೆ ಮೂರರ ಬಹುಮತದಲ್ಲಿ ಇತ್ಯರ್ಥವಾಗಿತ್ತು. ರೋಗಿ ತನ್ನ ಹಿತ್ತಿಲಲ್ಲಿ ತನಗಾಗಿಯೇ ಬೆಳೆದುಕೊಂಡ ಗಿಡವೂ ಅಂತರರಾಜ್ಯ ವಾಣಿಜ್ಯದ ವ್ಯಾಪ್ತಿಗೆ ಬರುತ್ತದೆ ಎಂದಿತು ಆ ತೀರ್ಪು. ಕೇಂದ್ರ ಮತ್ತು ರಾಜ್ಯಗಳ ಸಂಬಂಧದ ಬಗ್ಗೆ ನಮ್ಮ ಪತ್ರಿಕೆಯಲ್ಲಿ ಎಷ್ಟೋ ಲೇಖನಗಳು ಬಂದಿವೆ. ಆ ಸಂಬಂಧ ಒಬ್ಬ ರೋಗಿಯ ಹಿತ್ತಿಲಿನವರೆಗೂ ಹರಿದು ಬರುತ್ತದೆಂಬುದಕ್ಕೆ ಇದೊಂದು ಸಾಕ್ಷಿ.

2011ರಲ್ಲಿ ವಾಷಿಂಗ್ಟನ್ನಿನ ಶಾಸಕಾಂಗ ಈ ಗೊಂದಲವನ್ನು ನಿವಾರಿಸಲು ಹೊರಟಿತು. ಮಳಿಗೆಗಳಿಗೆ ಪರವಾನಗಿ, ರೋಗಿಗಳಿಗೆ ನೋಂದಣಿ, ನೋಂದಾಯಿಸಿಕೊಂಡವರಿಗೆ ಬಂಧನದಿಂದ ರಕ್ಷಣೆ ಇವುಗಳನ್ನೊಳಗೊಂಡ ಮಸೂದೆ ಅಂಗೀಕಾರವಾಯಿತು. ಆದರೆ ಪರವಾನಗಿ ನೀಡುವ ರಾಜ್ಯದ ನೌಕರರಿಗೂ ಕೇಂದ್ರದ ಕಾಯಿದೆಯಿಂದ ವಿನಾಯಿತಿಯಿಲ್ಲವೆಂದು ಆ ರಾಜ್ಯದಲ್ಲಿದ್ದ ಕೇಂದ್ರದ ಇಬ್ಬರು ಮುಖ್ಯ ಅಭಿಯೋಜಕರು ಎಚ್ಚರಿಸಿದರು. ರಾಜ್ಯಪಾಲೆ ಕ್ರಿಸ್ಟೀನ್ ಗ್ರೆಗವಾರ್ (ಅಲ್ಲಿಯ ರಾಜ್ಯಪಾಲರು ನಮ್ಮ ಮುಖ್ಯಮಂತ್ರಿಗಳಂತೆ ಚುನಾಯಿತರು) ಮಸೂದೆಯ ಅರ್ಧಕ್ಕಿಂತ ಹೆಚ್ಚು ಕಲಮುಗಳನ್ನು ತಡೆಹಿಡಿದರು. ನೌಕರರನ್ನು ಸೆರೆಮನೆಗೆ ಕಳಿಸಲಾರೆ ಎಂಬ ಅವರ ಕಾಳಜಿಯನ್ನು ನಾನು ಹಳಿಯಲಾರೆ. ಆದರೆ ನೌಕರನಿಗೆ ಒದಗಬಹುದಾಗಿದ್ದ ಅಪಾಯ ತಪ್ಪಿತು; ರೋಗಿಗೆ ದಿನವೂ ಇದ್ದ ಅಪಾಯ ಹಾಗೆಯೇ ಉಳಿಯಿತು. ಅಳಿದುಳಿದ ಕಲಮುಗಳಲ್ಲಿ ಹತ್ತು ರೋಗಿಗಳು ಸೇರಿ 45 ಗಿಡಗಳವರೆಗೆ ಬೆಳೆಯಬಹುದಾದ 'ಸಾಮೂಹಿಕ ತೋಟ'ದ ಒಂದು ಕಲಮಿತ್ತು. ಮಳಿಗೆಗಳೆಲ್ಲ ರಾತ್ರೋರಾತ್ರಿ ಸಾಮೂಹಿಕ ತೋಟಗಳಾದವು. ನಾನು ಬೆಂಚಿನ ಮೇಲೆ ಕುಳಿತದ್ದು ಅಂಥದೊಂದು ತೋಟದ ಮುಂಗೋಣೆಯಲ್ಲಿ.

ಈ ನಡುವೆ, 2012ರಲ್ಲಿ, ಆ ರಾಜ್ಯದ ಜನ ಇಪ್ಪತ್ತೊಂದು ವರ್ಷ ದಾಟಿದ ಎಲ್ಲರಿಗೂ ಗಾಂಜಾವನ್ನು ಸಕ್ರಮಗೊಳಿಸುವ ಇನ್ನೊಂದು ಕಾಯಿದೆಗೆ ಮತ ನೀಡಿದರು. ಪರವಾನಗಿ ಪಡೆದ ಅಂಗಡಿಗಳು 2014ರ ಜುಲೈಯಲ್ಲಿ ತೆರೆದವು. ಮೋಜಿಗಾಗಿ ಕೊಳ್ಳುವವನಿಗೆ ಪರವಾನಗಿಯ, ತೆರಿಗೆಯ, ಪರೀಕ್ಷೆಗೊಳಪಟ್ಟ ಅಂಗಡಿ; ನೋವಿಗಾಗಿ ಕೊಳ್ಳುವವನಿಗೆ ಯಾವ ಪರವಾನಗಿಯೂ ಇಲ್ಲದ ತೋಟದ ಅಂಗಡಿ. ಈ ವಿಚಿತ್ರ ಸ್ಥಿತಿ ಬಹುಕಾಲ ನಿಲ್ಲುವಂತಿರಲಿಲ್ಲ. ದೃಢವಾದ ನಿಯಂತ್ರಣವಿದ್ದರೆ ಮಾತ್ರ ತಾನು ಮಧ್ಯೆ ಬರುವುದಿಲ್ಲವೆಂದು ಕೇಂದ್ರದ ನ್ಯಾಯ ಇಲಾಖೆಯೂ 2013ರಲ್ಲಿ ಹೇಳಿತ್ತು.

4

2015ರ ಚರ್ಚೆಯ ಎರಡೂ ಪಕ್ಷಗಳನ್ನು ನ್ಯಾಯವಾಗಿ ನಿಮ್ಮ ಮುಂದಿಡಬೇಕು. ನಿಯಂತ್ರಣ ಬೇಕೆಂದವರ ವಾದ ಹೀಗಿತ್ತು: ತೋಟದ ಅಂಗಡಿಗಳಲ್ಲಿ ಮಾರುವ ಪದಾರ್ಥಕ್ಕೆ ಕೀಟನಾಶಕದ ಪರೀಕ್ಷೆಯಿಲ್ಲ, ಬೂಷ್ಟಿನ ಪರೀಕ್ಷೆಯಿಲ್ಲ. ಹಣ ಕೊಟ್ಟರೆ ಶಿಫಾರಸು ಬರೆದುಕೊಡುವ ವೈದ್ಯರಿದ್ದಾರೆ. ಆರೋಗ್ಯವಂತ ತರುಣರು ರೋಗಿಯ ವೇಷ ಹಾಕಿ ತೆರಿಗೆ ತಪ್ಪಿಸುತ್ತಿದ್ದಾರೆ. ಔಷಧಿಯೆಂದು ಕರೆಯುವಿರಾದರೆ ಔಷಧಿಯ ಶಿಸ್ತಿಗೆ ಒಳಪಡಿ. ಔಷಧಿ ಅಂಗಡಿಯವನಾಗಿ ನಾನು ಈ ಪ್ರತಿಯೊಂದು ಮಾತಿಗೂ ತಲೆದೂಗುತ್ತೇನೆ. ಬೆಂಚಿನ ಮೇಲಿನ ಆ ಇಬ್ಬರು ತರುಣರನ್ನು ನಾನೂ ನೋಡಿದ್ದೆನಲ್ಲ!

ವಿರೋಧಿಸಿದ ರೋಗಿಗಳ ವಾದ: ಕೇಂದ್ರದ ಕಾಯಿದೆಯಲ್ಲಿ ಇನ್ನೂ ಅಪರಾಧವಾಗಿರುವ ಕೃತ್ಯಕ್ಕೆ ರಾಜ್ಯದ ಪಟ್ಟಿಯಲ್ಲಿ ಹೆಸರು ಬರೆಸುವುದೆಂದರೆ ತಪ್ಪೊಪ್ಪಿಗೆಗೆ ರುಜು ಹಾಕಿದಂತೆ. ನಾಳೆ ಆ ಪಟ್ಟಿ ಯಾರ ಕೈಸೇರುತ್ತದೆ? ಉದ್ಯೋಗದಾತನ ಕೈಗೋ, ಮನೆಮಾಲಿಕನ ಕೈಗೋ, ಮಕ್ಕಳ ಪಾಲನೆಯ ಮೊಕದ್ದಮೆಯಲ್ಲಿ ಎದುರುಪಕ್ಷದ ವಕೀಲನ ಕೈಗೋ? ಮಧುಮೇಹಿಯ ಹೆಸರು ಯಾವ ಸರ್ಕಾರಿ ಪಟ್ಟಿಯಲ್ಲಿದೆ? ನಮ್ಮದೇಕೆ? ಈ ಮಾತಿಗೂ ನನ್ನಲ್ಲಿ ಉತ್ತರವಿರಲಿಲ್ಲ.

2015ರ ಏಪ್ರಿಲಿನಲ್ಲಿ ರಾಜ್ಯಪಾಲ ಜೇ ಇನ್ಸ್ಲೀ ರುಜು ಹಾಕಿದ ಕಾಯಿದೆಗೆ ಇಟ್ಟ ಹೆಸರು 'ಗಾಂಜಾ ರೋಗಿಗಳ ರಕ್ಷಣಾ ಕಾಯಿದೆ'. ಮದ್ಯ ನಿಯಂತ್ರಣ ಮಂಡಳಿಗೆ 'ಮದ್ಯ ಮತ್ತು ಗಾಂಜಾ ಮಂಡಳಿ' ಎಂದು ನಾಮಕರಣವಾಯಿತು. ರೋಗಿಯ ಔಷಧಿಯ ಅಂಗಡಿಗಳು ಹೆಂಡದ ಲೆಕ್ಕ ನೋಡುವವರ ಕೈಗೆ ಹೋದವು. 2016ರ ಜುಲೈ 1ರಿಂದ ಸಾಮೂಹಿಕ ತೋಟಗಳೆಲ್ಲ ಮುಚ್ಚತಕ್ಕದ್ದು. ಅವುಗಳ ಬದಲು ನಾಲ್ವರು ರೋಗಿಗಳ ಸಹಕಾರ ಕೂಟಕ್ಕಷ್ಟೇ ಅವಕಾಶ, ಅದೂ ನೋಂದಾಯಿಸಿದರೆ ಮಾತ್ರ. ಪಟ್ಟಿಗೆ ಹೆಸರು ಸೇರಿಸುವುದು ದೊಡ್ಡವರಿಗೆ ಐಚ್ಛಿಕ ಎಂದಿತು ಕಾಯಿದೆ. ಆದರೆ ಹೆಸರು ಬರೆಸಿ ಚೀಟಿ ಪಡೆದವನಿಗೆ ಆರು ಗಿಡ, ಬರೆಸದವನಿಗೆ ನಾಲ್ಕು. ಬರೆಸಿದವನಿಗೆ ಬಂಧನದಿಂದ ರಕ್ಷಣೆ, ಬರೆಸದವನಿಗೆ ಹಳೆಯಂತೆ ಬಂಧನದ ಮೇಲಿನ ವಾದ ಮಾತ್ರ. ಬರೆಸಿದವನಿಗೆ ಮಾರಾಟ ತೆರಿಗೆ ಇಲ್ಲ. ಇಂಥ ಐಚ್ಛಿಕವನ್ನು ನಮ್ಮ ಕಡೆ 'ಒಲ್ಲೆನಂದರೆ ಉಪವಾಸ' ಎನ್ನುತ್ತಾರೆ.

5

2017ರಲ್ಲಿ ನಾನು ಮತ್ತೆ ಸಿಯಾಟಲಿಗೆ ಹೋದಾಗ ಆ ಮುಂಗೋಣೆ ಇರಲಿಲ್ಲ. ಅಲ್ಲಿ ಒಂದು ಕಾಫಿ ಅಂಗಡಿಯಾಗಿತ್ತು. ನೆರೆಯವರ ಕುರ್ಚಿ ತಳ್ಳಿಕೊಂಡು ಪರವಾನಗಿಯ ಹೊಸ ಅಂಗಡಿಗೆ ಹೋದೆವು. ಈ ಸಲ ವಯಸ್ಸಿನ ಗುರುತು ತೋರಿಸಿದರೆ ನನಗೂ ಪ್ರವೇಶವಿತ್ತು. ಒಡವೆ ಅಂಗಡಿಯಂತೆ ಗಾಜಿನ ಕಪಾಟುಗಳು, ಬಣ್ಣದ ಪೊಟ್ಟಣಗಳು, ಪ್ರತಿ ಪೊಟ್ಟಣದ ಮೇಲೂ ಪ್ರಯೋಗಾಲಯದ ಅಂಕಿಗಳು. ಶಿಸ್ತಿನಲ್ಲಿ ಕೊರತೆಯಿಲ್ಲ. ನೆರೆಯವರು ತಮ್ಮ ಹಳೆಯ ಹನಿ ಔಷಧಿಯನ್ನು ಕೇಳಿದರು. ಅಮಲು ಕಡಿಮೆಯಿರುವ ಆ ಬಗೆ ಅಲ್ಲಿರಲಿಲ್ಲ, ಅದಕ್ಕೆ ಗಿರಾಕಿಗಳಿಲ್ಲವಂತೆ. ರಾತ್ರಿಯ ಸ್ನಾಯುಸೆಳೆತಕ್ಕೆ ಎಷ್ಟು ತೆಗೆದುಕೊಳ್ಳಲಿ ಎಂದರೆ, ಕಪಾಟಿನ ಹಿಂದಿನ ಹುಡುಗ ವಿನಯದಿಂದಲೇ, ಕ್ಷಮಿಸಿ, ನಾನು ರೋಗದ ವಿಷಯ ಮಾತನಾಡುವಂತಿಲ್ಲ ಎಂದ. ಅದಕ್ಕೆ ಬೇರೆಯ ಅನುಮತಿ ಪಡೆದ ಅಂಗಡಿಯಲ್ಲಿ ತರಬೇತಿ ಪಡೆದ ಸಲಹೆಗಾರನಿರಬೇಕು; ಅದು ಇನ್ನೂ ದೂರ. ಹಣ ಕೊಡುವಾಗ ಶೇಕಡಾ 37ರ ಅಬಕಾರಿ ತೆರಿಗೆ ರೋಗಿಗೂ ತಪ್ಪಲಿಲ್ಲ. ನೋಂದಾಯಿತ ರೋಗಿಗಳಿಗೆ, ಅದೂ ವೈದ್ಯಕೀಯ ಗುಣಮಟ್ಟದ ಪದಾರ್ಥಗಳ ಮೇಲಷ್ಟೇ, ಈ ತೆರಿಗೆಯಿಂದ ವಿನಾಯಿತಿ ದೊರೆತದ್ದು 2024ರಲ್ಲಿ. ಅದೂ 2029ರವರೆಗಿನ ಅವಧಿಗೆ. ನಮ್ಮ ನೆರೆಯವರು ಅಷ್ಟು ಕಾಲ ಇರಲಿಲ್ಲ.

ಹಿಂತಿರುಗುವಾಗ ಅವರು ಹೇಳಿದ ಮಾತನ್ನು ನನ್ನ ಕನ್ನಡದಲ್ಲಿ ಹೇಳುವುದಾದರೆ: ಮೊದಲು ನಾನು ಕಳ್ಳನಾಗಿದ್ದೆ, ಆದರೆ ಅಲ್ಲಿ ನನ್ನನ್ನು ರೋಗಿಯಂತೆ ಕಂಡರು. ಈಗ ನಾನು ಸಜ್ಜನ, ಆದರೆ ಬರಿಯ ಗಿರಾಕಿ. ಅದೂ ಬಡ ಗಿರಾಕಿ.

ಕ್ಯಾಲಿಫೋರ್ನಿಯದಲ್ಲೂ ಇದೇ ನಡೆಯಿತು. 2016ರಲ್ಲಿ ಅಲ್ಲಿಯೂ ಎಲ್ಲ ವಯಸ್ಕರಿಗೆ ಸಕ್ರಮವಾಯಿತು, 2018ರಿಂದ ಪರವಾನಗಿಯ ಮಾರಾಟ ಆರಂಭವಾಯಿತು. ಬಡ ರೋಗಿಗಳಿಗೆ ಉಚಿತವಾಗಿ ಹಂಚುತ್ತಿದ್ದ ಸೇವಾಕೂಟಗಳು ಆಗ ತಮ್ಮ ದಾನಕ್ಕೂ ತೆರಿಗೆ ಕಟ್ಟಬೇಕಾಗಿ ಬಂದು ಸೊರಗಿದವು. ಯಾರ ಕಣ್ಣೀರಿನಿಂದ ಕಾಯಿದೆ ಹುಟ್ಟಿತೋ ಅವರೇ ಕಾಯಿದೆಯ ಹೊರಗುಳಿದರು. 2019ರಲ್ಲಿ ಶಾಸಕಾಂಗ ಈ ದಾನವನ್ನು ತೆರಿಗೆಯಿಂದ ಮುಕ್ತಗೊಳಿಸಿತು. ಆ ತಿದ್ದುಪಡಿಗೆ ಚಳವಳಿಯ ನಾಯಕ ಡೆನಿಸ್ ಪೆರಾನ್ ಹಾಗೂ ಕೇಕಿನ ಅಜ್ಜಿ ಮೇರಿಯ ಹೆಸರುಗಳನ್ನಿಟ್ಟರು. ಇಬ್ಬರೂ ಅಷ್ಟು ಹೊತ್ತಿಗೆ ತೀರಿಕೊಂಡಿದ್ದರು.

ಗಾಂಜಾ ಸರ್ವರೋಗ ಪರಿಹಾರಕವೆಂದು ಅಲ್ಲಿ ಕೂಗಿ ಮಾರುವವರನ್ನು ನಾನು ನಂಬುವುದಿಲ್ಲ. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗಳು 2017ರಲ್ಲಿ ಪ್ರಕಟಿಸಿದ ವರದಿ ವಯಸ್ಕರ ದೀರ್ಘಕಾಲದ ನೋವು, ಕೀಮೋಥೆರಪಿಯ ವಾಂತಿ, ಮಲ್ಟಿಪಲ್ ಸ್ಕ್ಲೆರೋಸಿಸ್ ರೋಗಿಗಳು ಹೇಳಿಕೊಳ್ಳುವ ಸ್ನಾಯುಸೆಳೆತ ಈ ಮೂರಕ್ಕೆ ಗಟ್ಟಿಯಾದ ಪುರಾವೆ ಇದೆಯೆಂದಿತು. ಹೆಚ್ಚು ಬಳಸಿದಷ್ಟೂ ಚಿತ್ತವಿಕಾರದ ಅಪಾಯ ಹೆಚ್ಚೆಂದೂ ಅದೇ ವರದಿ ಹೇಳಿತು. ಮಕ್ಕಳ ಕೆಲವು ವಿರಳ ಅಪಸ್ಮಾರಗಳಿಗೆ ಈ ಗಿಡದಿಂದ ತೆಗೆದ ಔಷಧಿಯೊಂದಕ್ಕೆ 2018ರಲ್ಲಿ ಅಲ್ಲಿಯ ಔಷಧ ಆಡಳಿತ ಮಂಜೂರಾತಿ ನೀಡಿತು. ಗುಣವೂ ಇದೆ, ದೋಷವೂ ಇದೆ. ಮಾತ್ರೆ ತಪ್ಪಿದರೆ ವಿಷ. ಯಾವ ಔಷಧಿಯ ಕಥೆ ಇದಲ್ಲ?

6

ಈ ಕಥೆ ನಮಗೇಕೆ ಎಂದು ನೀವು ಕೇಳಬಹುದು. ಈ ಗಿಡವನ್ನು ಪಶ್ಚಿಮದ ವೈದ್ಯಕ್ಕೆ ಪರಿಚಯಿಸಿದ್ದೇ ನಮ್ಮ ನೆಲ. ಕಲ್ಕತ್ತೆಯಲ್ಲಿದ್ದ ಓಶಾನೆಸಿ ಎಂಬ ವೈದ್ಯ 1839ರಲ್ಲಿ ತನ್ನ ಪ್ರಯೋಗಗಳ ವರದಿ ಪ್ರಕಟಿಸಿದ ಮೇಲೆಯೇ ಅದು ಅಮೆರಿಕದ ಅಧಿಕೃತ ಔಷಧಕೋಶಕ್ಕೆ ಸೇರಿದ್ದು, 1942ರವರೆಗೂ ಅಲ್ಲಿತ್ತು. ಅದನ್ನು ನಿಷೇಧಿಸಬೇಕೇ ಎಂಬ ಪ್ರಶ್ನೆಯನ್ನು ಬ್ರಿಟಿಷ್ ಸರ್ಕಾರ 1893–94ರಲ್ಲಿ ಒಂದು ಆಯೋಗದ ಮುಂದಿಟ್ಟಿತು. ಸಾವಿರಕ್ಕೂ ಹೆಚ್ಚು ಸಾಕ್ಷಿಗಳನ್ನು ವಿಚಾರಿಸಿದ ಆಯೋಗ ನಿಷೇಧ ಬೇಡ, ಪರವಾನಗಿ ಮತ್ತು ತೆರಿಗೆ ಸಾಕು ಎಂದಿತು. ಕನಿಷ್ಠ ಬಳಕೆಯಿಂದ ಗರಿಷ್ಠ ಆದಾಯ ಎಂಬುದು ಅಂದಿನ ಅಬಕಾರಿ ನೀತಿಯ ಸೂತ್ರ. 1985ರ ನಮ್ಮ ಕಾಯಿದೆ ಬೇರೆಯ ದಿಕ್ಕಿಗೆ ಹೋಯಿತು. ಎಲೆಯನ್ನು ಹೊರಗಿಟ್ಟು ಹೂವನ್ನು ಅಪರಾಧವಾಗಿಸಿತು. ಹಾಗಾಗಿ ಉತ್ತರದ ಕೆಲವು ಊರುಗಳಲ್ಲಿ ಸರ್ಕಾರಿ ಪರವಾನಗಿಯ ಭಾಂಗ್ ಅಂಗಡಿಗಳಿವೆ. ಅದೇ ಕಾಯಿದೆಯ ಭೀತಿಯಲ್ಲಿ ನನ್ನ ಅಕ್ಕನಿಗೆ ಮಾರ್ಫಿನ್ ಸಿಗಲಿಲ್ಲ.

ಒಂದು ಕಾಲಕ್ಕೆ ಅಬಕಾರಿಯವನ ಕಣ್ಣು, ಇನ್ನೊಂದು ಕಾಲಕ್ಕೆ ಪೊಲೀಸಿನವನ ಕಣ್ಣು. ಹಾಸಿಗೆಯ ಪಕ್ಕದಲ್ಲಿ ಕುಳಿತವರ ಕಣ್ಣಿನಿಂದ ಕಾಯಿದೆ ಬರೆದದ್ದು ಅಪರೂಪ. ಆ ಅಪರೂಪ ನಮ್ಮಲ್ಲಿ ಒಮ್ಮೆ ನಡೆಯಿತು. ನೋವುಶಮನ ಚಿಕಿತ್ಸೆಯ ವೈದ್ಯರು, ಕಾರ್ಯಕರ್ತರು ವರ್ಷಗಟ್ಟಲೆ ಬೆನ್ನುಹತ್ತಿದ ಫಲವಾಗಿ 2014ರಲ್ಲಿ ಸಂಸತ್ತು ಕಾಯಿದೆಗೆ ತಿದ್ದುಪಡಿ ತಂದಿತು. ಮಾರ್ಫಿನ್ ಮುಂತಾದವುಗಳನ್ನು ಅವಶ್ಯಕ ಔಷಧಿಗಳೆಂದು ಗುರುತಿಸಿ, ದೇಶಕ್ಕೆಲ್ಲ ಒಂದೇ ನಿಯಮ ಮಾಡಿ, ಮಾನ್ಯತೆ ಪಡೆದ ಆಸ್ಪತ್ರೆಗೆ ಆ ನಾಲ್ಕೈದು ಪರವಾನಗಿಗಳ ಗೋಜು ತಪ್ಪಿಸಿತು. ಲೆಕ್ಕ ಇಡಬೇಕಾದವರು ಆಸ್ಪತ್ರೆಯವರು. ಓಡಾಡಬೇಕಾದವನು ರೋಗಿಯಲ್ಲ ಎಂಬ ತತ್ವ ಅಲ್ಲಿದೆ. ತತ್ವ ಹಳ್ಳಿಯನ್ನು ಮುಟ್ಟಬೇಕಾದ ದಾರಿ ಇನ್ನೂ ಉದ್ದವಿದೆ.

ಈಗ ಗಾಂಜಾದ ಸರದಿ ನಮ್ಮಲ್ಲೂ ಬರುತ್ತಿದೆ. 2024ರ ಸೆಪ್ಟೆಂಬರಿನಲ್ಲಿ ಹಿಮಾಚಲ ಪ್ರದೇಶದ ವಿಧಾನಸಭೆ, ಔಷಧೀಯ ಹಾಗೂ ಕೈಗಾರಿಕಾ ಉಪಯೋಗಕ್ಕಾಗಿ ಈ ಗಿಡದ ನಿಯಂತ್ರಿತ ಬೇಸಾಯವನ್ನು ಬೆಂಬಲಿಸುವ ವರದಿಯನ್ನು ಅಂಗೀಕರಿಸಿತು. ವರದಿ ಸಿದ್ಧಪಡಿಸಿದ ಸಮಿತಿಯ ಅಧ್ಯಕ್ಷರು ಆರೋಗ್ಯ ಸಚಿವರಲ್ಲ, ಕಂದಾಯ ಸಚಿವರು. ರೈತನ ಆದಾಯವಾಗಲಿ ರಾಜ್ಯದ ಬೊಕ್ಕಸವಾಗಲಿ ಕೆಟ್ಟ ವಿಚಾರವಲ್ಲ. ಆದರೆ ಸಿಯಾಟಲಿನ ಗಾಜಿನ ಕಪಾಟನ್ನು ನೋಡಿ ಬಂದವನಿಗೆ ಒಂದು ಭಯವಾಗುತ್ತದೆ. ಬೆಳೆಯುವವನ ಮಾತು, ಮಾರುವವನ ಮಾತು, ತೆರಿಗೆಯವನ ಮಾತು ಎಲ್ಲ ಮುಗಿದ ಮೇಲೆ ರೋಗಿಯ ಮಾತಿಗೆ ಕಾಯಿದೆಯಲ್ಲಿ ಜಾಗ ಉಳಿದಿರುತ್ತದೆಯೇ?

ಗಾಂಜಾ ಅಂಗಡಿಗಳು ಬರಲಿ ಎಂದು ನಾನು ಹೇಳುತ್ತಿಲ್ಲ. ಬರುವುದಾದರೆ, ಅಥವಾ ಇಂಥ ಯಾವುದೇ ಔಷಧಿಗೆ ಕಾಯಿದೆ ಬರೆಯುವುದಾದರೆ, ಮೊದಲ ಕಲಮಿನಲ್ಲಿಯೇ ರೋಗಿಗೆ ಬಂಧನದಿಂದ ರಕ್ಷಣೆಯಿರಲಿ. ವೈದ್ಯರ ಪತ್ರವೇ ಅದಕ್ಕೆ ಸಾಕಾಗಲಿ. ಹೊಲದಿಂದ ಕಾರ್ಖಾನೆಗೆ, ಕಾರ್ಖಾನೆಯಿಂದ ಕಪಾಟಿಗೆ ಒಂದೊಂದು ಗ್ರಾಮಿಗೂ ಲೆಕ್ಕ ಕೇಳಿ. ನನ್ನಂಥ ಅಂಗಡಿಯವನ ಕತ್ತಿನ ಮೇಲೆ ಕೂರಿ. ರೋಗಿಯ ಹೆಸರು ಮಾತ್ರ ವೈದ್ಯರ ಕಪಾಟಿನಲ್ಲಿರಲಿ, ಪೊಲೀಸರ ಕಪಾಟಿನಲ್ಲಿ ಬೇಡ. ಅಬಕಾರಿಗೆ ಇದರ ಉಸ್ತುವಾರಿ ಬೇಡ, ಆರೋಗ್ಯ ಇಲಾಖೆಗಿರಲಿ. ಔಷಧಿಗೆ ಹೆಂಡದ ತೆರಿಗೆ ಬೇಡ. ಬಡವನಿಗೆ ಉಚಿತವಾಗಿ ಕೊಡುವವರಿಗೆ ದಂಡ ಹಾಕಬೇಡಿ. ಇವನ್ನೆಲ್ಲ ಅಮೆರಿಕದವರು ಇಪ್ಪತ್ತೈದು ವರ್ಷ ತಡವಾಗಿ, ತಿದ್ದುಪಡಿಯ ಮೇಲೆ ತಿದ್ದುಪಡಿಯಾಗಿ ಕಲಿಯುತ್ತಿದ್ದಾರೆ. ಗಾಂಜಾವನ್ನು ಮೊದಲ ಪಟ್ಟಿಯಿಂದ ಮೂರನೆಯದಕ್ಕೆ ಇಳಿಸುವ ಪ್ರಸ್ತಾಪವನ್ನು ಅಲ್ಲಿಯ ನ್ಯಾಯ ಇಲಾಖೆ ಮುಂದಿಟ್ಟದ್ದೇ 2024ರಲ್ಲಿ. ಅದಕ್ಕೂ 36 ವರ್ಷ ಹಿಂದೆ, 1988ರಲ್ಲಿ, ಅವರದೇ ಆಡಳಿತ ನ್ಯಾಯಾಧೀಶರೊಬ್ಬರು ಅದನ್ನು ಮೊದಲ ಪಟ್ಟಿಯಿಂದ ತೆಗೆಯಿರಿ ಎಂದು ಬರೆದಿದ್ದರು.

ಅಂಗಡಿ ಮುಚ್ಚಿದ ದಿನ ನಾನು ಹಳೆಯ ದಫ್ತರಗಳನ್ನು ಕಟ್ಟುತ್ತ ಕುಳಿತಿದ್ದೆ. 1994ರ ದಫ್ತರವೂ ಕೈಗೆ ಬಂತು. ಯಾವ ಗುಳಿಗೆ ಎಷ್ಟು ಬಂತು, ಎಷ್ಟು ಹೋಯಿತು ಎಲ್ಲವೂ ಸರಿಯಾಗಿ ತಾಳೆಯಾಗುತ್ತಿತ್ತು. ಪರಿಶೀಲನೆಗೆ ಬಂದ ಅಧಿಕಾರಿಗಳು ಪ್ರತಿ ಸಲವೂ ಅದರ ಕೆಳಗೆ ರುಜು ಹಾಕಿದ್ದರು. ಕೊಡಲಾಗದೆ ಹೋದ ಗುಳಿಗೆಯನ್ನು ಬರೆದಿಡಲು ಅದರಲ್ಲಿ ಕಾಲಮು ಇರಲಿಲ್ಲ. ಕಾಯಿದೆ ಬರೆಯುವವರು ಅಂಥದೊಂದು ಕಾಲಮನ್ನು ಸೇರಿಸಲಿ ಎಂಬುದಷ್ಟೇ ಈ ಹಳೆಯ ಅಂಗಡಿಯವನ ಬೇಡಿಕೆ.